ದೂರದ ಓಟದ ಮೇಲೆ ಪ್ರೀತಿ ಹುಟ್ಟುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೂವತ್ತಾರು ವರ್ಷ ತುಂಬುವವರೆಗೂ ಓಟವೆಂದರೆ ನನಗೆ ಆಗುತ್ತಿರಲಿಲ್ಲ. ಈಗ ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಓಡದ ದಿನ ಏನನ್ನೋ ಎಲ್ಲೋ ಇಟ್ಟು ಮರೆತವರ ಹಾಗೆ ತಡಕಾಡುತ್ತೇನೆ. ನಡುವೆ ಏನಾಯಿತು ಎಂದು ಗೆಳೆಯರೂ ನೆಂಟರೂ ಸಹೋದ್ಯೋಗಿಗಳೂ ಕೇಳುತ್ತಲೇ ಇರುತ್ತಾರೆ. ಕೇಳಿದವರಿಗೆ ಹನ್ನೊಂದು ವರ್ಷಗಳಿಂದ ಬಾಯಿಮಾತಿನಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಪದಕ ಗೆಲ್ಲಬೇಕೆನ್ನುವವರಿಗೆ ಬೇರೆ ಗುರುಗಳಿದ್ದಾರೆ. ಓಟ ಹಿಡಿದು ಮೂರೇ ವಾರಕ್ಕೆ ಬಿಟ್ಟವರಿಗಾಗಿ ನಾನು ಬರೆಯುತ್ತಿದ್ದೇನೆ.

ಓಡುವುದೆಂದರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅದು ಎಂದಾದರೂ ಇಷ್ಟವಾದೀತೇ?

ಆಗುತ್ತದೆ. ಆದರೆ ಮೊದಲು ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮಗೆ ಆಗದಿರುವುದು ಓಟವೋ, ಏದುಸಿರೋ?

ಬಹಳ ಜನ ಓಟವನ್ನು ಮೊದಲು ಕಂಡದ್ದು ಶಾಲೆಯ ಮೈದಾನದಲ್ಲಿ. ಸೀಟಿ ಊದಿದ ಕೂಡಲೇ ಎಲ್ಲರೂ ಜೀವ ಬಿಟ್ಟು ಓಡಬೇಕು. ಮೊದಲು ಬಂದ ಮೂವರ ಹೆಸರು ಬರೆದುಕೊಳ್ಳುತ್ತಾರೆ, ಉಳಿದವರು ಮಂಡಿ ಹಿಡಿದು ಬಗ್ಗಿ ನಿಂತು ಕೆಮ್ಮುತ್ತಾರೆ. ನಾನು ಆ ಉಳಿದವರ ಗುಂಪಿನವನು. ಗಂಟಲಲ್ಲಿ ಲೋಹ ನೆಕ್ಕಿದಂಥ ರುಚಿ, ಕಿವಿಯೊಳಗೆ ಎದೆಬಡಿತ, ಎಲ್ಲರೂ ನೋಡುತ್ತಿದ್ದಾರೆಂಬ ಸಂಕೋಚ. ಇದೇ ಓಟ ಎಂದು ಮನಸ್ಸು ಬರೆದಿಟ್ಟುಕೊಂಡಿತು. ಮುಂದೆ ಇಪ್ಪತ್ತೈದು ವರ್ಷ ಆ ಬರಹವನ್ನು ನಾನು ತಿದ್ದಲಿಲ್ಲ.

ದೊಡ್ಡವರಾದ ಮೇಲೆ ತೂಕ ಇಳಿಸಲೆಂದೋ ವೈದ್ಯರು ಹೇಳಿದರೆಂದೋ ಓಟ ಹಿಡಿಯುವವರು ಮಾಡುವುದೂ ಅದನ್ನೇ. ಮನೆಯಿಂದ ಹೊರಬಿದ್ದವರೇ ಶಾಲೆಯ ವೇಗದಲ್ಲಿ ಓಡುತ್ತಾರೆ, ನಾಲ್ಕು ನಿಮಿಷಕ್ಕೆ ಸುಸ್ತಾಗಿ ನಿಲ್ಲುತ್ತಾರೆ, ಇದು ನನ್ನ ಕೈಲಿ ಆಗುವುದಿಲ್ಲ ಎಂದು ಮನೆಗೆ ಮರಳುತ್ತಾರೆ. ದೂರದ ಓಟವನ್ನು ಅವರು ಇನ್ನೂ ನೋಡಿಯೇ ಇಲ್ಲ. ಅದರ ಕುಲವೇ ಬೇರೆ. ಅದನ್ನು ಪ್ರೀತಿಸಲು ಕಲಿಯುವುದೆಂದರೆ, ನನ್ನ ಅನುಭವದ ಮಟ್ಟಿಗೆ, ನಿಧಾನವಾಗಿ ಓಡಲು ಕಲಿಯುವುದು. ಮುಂದಿನ ಉತ್ತರಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ನಿಧಾನ ಎಂದರೆ ಎಷ್ಟು ನಿಧಾನ?

ಮಾತಾಡುತ್ತ ಓಡುವಷ್ಟು. ಒಂದೊಂದು ಪದ ಉದುರಿಸುವುದು ಸಾಲದು, ವಾಕ್ಯಗಳು ಪೂರ್ತಿಯಾಗಿ ಬರಬೇಕು.

ಇದನ್ನು ನನಗೆ ಕಲಿಸಿದವರು ನನಗಿಂತ ಹದಿನೆಂಟು ವರ್ಷ ಹಿರಿಯರು. ಬೆಳಗಿನ ಹೊತ್ತು ನಾನು ದಾಪುಗಾಲು ಹಾಕಿ ಅವರನ್ನು ಹಿಂದೆ ಹಾಕುತ್ತಿದ್ದೆ. ಐದು ನಿಮಿಷದಲ್ಲಿ ದಾರಿಯ ಬದಿಯಲ್ಲಿ ನಿಂತು ಏದುಸಿರು ಬಿಡುವಾಗ ಅವರು ಅದೇ ಗತಿಯಲ್ಲಿ ಬಂದು ದಾಟಿ ಹೋಗುತ್ತಿದ್ದರು. ಹತ್ತು ದಿನ ಇದೇ ನಡೆಯಿತು. ಹನ್ನೊಂದನೆಯ ದಿನ ಅವರು ನನ್ನ ಪಕ್ಕಕ್ಕೆ ಬಂದು, "ನೀವು ಸೈಕಲ್ ಕಲಿತದ್ದು ಹೇಗೆ, ಸ್ವಲ್ಪ ಹೇಳಿ" ಎಂದರು. "ನಮ್ಮ ಮಾವನ..." ಎನ್ನುವಷ್ಟರಲ್ಲಿ ಉಸಿರು ಕಟ್ಟಿತು. "ಹಾಗಾದರೆ ಇನ್ನೂ ಸ್ವಲ್ಪ ನಿಧಾನ" ಎಂದು ಅವರು ಹೆಜ್ಜೆ ಕಿರಿದು ಮಾಡಿದರು. ಮತ್ತೆ ಶುರು ಮಾಡಿದೆ, ಮತ್ತೆ ತುಂಡಾಯಿತು. "ಇನ್ನೂ ಸ್ವಲ್ಪ." ಕೊನೆಗೆ ನಮ್ಮ ಗತಿ ಎಷ್ಟು ಇಳಿಯಿತೆಂದರೆ, ಬಿರುಸಾಗಿ ನಡೆಯುತ್ತಿದ್ದ ದಂಪತಿಗಳು ನಮ್ಮ ಜೊತೆಜೊತೆಗೇ ಬರುತ್ತಿದ್ದರು. ಆ ಗತಿಯಲ್ಲಿ ಕತೆ ಸರಾಗವಾಗಿ ಬಂತು: ಮಾವನ ಎತ್ತರದ ಸೈಕಲ್, ನಡುಗಂಬಿಯ ಕೆಳಗಿನಿಂದ ಕಾಲು ತೂರಿಸಿ ತುಳಿದದ್ದು, ಬಿದ್ದು ಮೊಣಕೈ ತರಚಿದ್ದು. ಹೇಳಿ ಮುಗಿಸುವ ಹೊತ್ತಿಗೆ ನಾಲ್ಕು ಕಿಲೋಮೀಟರ್ ಆಗಿತ್ತು. ಅಲ್ಲಿಯವರೆಗೆ ನಾನು ಒಂದು ಕಿಲೋಮೀಟರನ್ನೂ ನಿಲ್ಲದೆ ಓಡಿರಲಿಲ್ಲ.

ಒಬ್ಬರೇ ಓಡುವಾಗ ಯಾವುದಾದರೂ ಪದ್ಯದ ನಾಲ್ಕು ಸಾಲನ್ನು ಮೆಲುದನಿಯಲ್ಲಿ ಹೇಳಿಕೊಳ್ಳಿ. ಸಾಲಿನ ನಡುವೆ ಉಸಿರಿಗಾಗಿ ನಿಲ್ಲಬೇಕಾಗಿ ಬಂದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ.

ಅಷ್ಟು ನಿಧಾನವಾಗಿ ಓಡಿದರೆ ಏನು ಪ್ರಯೋಜನ?

ಬಹಳ ಇದೆ. ಆರಾಮದ ಗತಿಯಲ್ಲಿ ತುಂಬಾ ಹೊತ್ತು ಓಡಿದಾಗ ಸ್ನಾಯುಗಳೊಳಗೆ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಆಮ್ಲಜನಕ ಬಳಸಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳೂ ಹೆಚ್ಚುತ್ತವೆ. ಹೃದಯ ಒಂದೊಂದು ಬಡಿತಕ್ಕೆ ಹೊರದೂಡುವ ರಕ್ತದ ಪ್ರಮಾಣ ಏರುತ್ತದೆ. ದೇಹ ಕೊಬ್ಬನ್ನು ಇಂಧನವಾಗಿ ಬಳಸುವುದರಲ್ಲಿ ಪಳಗುತ್ತದೆ. ಇದ್ಯಾವುದಕ್ಕೂ ಏದುಸಿರು ಬೇಕಿಲ್ಲ, ಬೇಕಾದದ್ದು ಸಮಯ. ಬಿರುಸಾಗಿ ಓಡಿದವರು ಹದಿನೈದು ನಿಮಿಷಕ್ಕೆ ನಿಲ್ಲುತ್ತಾರೆ. ನಿಧಾನವಾಗಿ ಓಡಿದವರಿಗೆ ಒಂದು ಗಂಟೆ ಸಿಗುತ್ತದೆ, ಮರುದಿನವೂ ಸಿಗುತ್ತದೆ.

ನ್ಯೂಜಿಲೆಂಡ್‌ನ ಓಟದ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಇದನ್ನು ತಮ್ಮ ಮೈಮೇಲೆಯೇ ಪ್ರಯೋಗಿಸಿ ಕಂಡುಕೊಂಡವರು. ಅವರ ಶಿಷ್ಯ ಪೀಟರ್ ಸ್ನೆಲ್ ಓಡುತ್ತಿದ್ದದ್ದು 800 ಮೀಟರ್, ಎರಡು ನಿಮಿಷದೊಳಗೆ ಮುಗಿಯುವ ಸ್ಪರ್ಧೆ. ಆದರೂ ತರಬೇತಿಯ ಮೊದಲ ಹಂತದಲ್ಲಿ ಸ್ನೆಲ್ ವಾರಕ್ಕೆ 160 ಕಿಲೋಮೀಟರ್ ಓಡುತ್ತಿದ್ದರು. ಭಾನುವಾರಗಳಂದು ಆಕ್ಲೆಂಡ್ ಹೊರಗಿನ ಗುಡ್ಡಗಳಲ್ಲಿ ಸುಮಾರು 35 ಕಿಲೋಮೀಟರ್. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರ್ ಚಿನ್ನ ಗೆದ್ದರು, ಅದೇ ದಿನ ಲಿಡಿಯಾರ್ಡ್ ಅವರ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್‌ಬರ್ಗ್ 5,000 ಮೀಟರ್ ಚಿನ್ನ ಗೆದ್ದರು.

ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದದ್ದು ಅದರ ನಂತರದ ಕತೆ. ಲಿಡಿಯಾರ್ಡ್ ಇದೇ ವಿಧಾನವನ್ನು ಸಾಮಾನ್ಯ ಜನರಿಗೆ, ಹೃದ್ರೋಗದಿಂದ ಚೇತರಿಸಿಕೊಂಡ ನಡುವಯಸ್ಸಿನವರಿಗೆ ಕೂಡ ಕಲಿಸತೊಡಗಿದ್ದರು. 1962ರ ಸುಮಾರಿಗೆ ಅಮೆರಿಕದ ಹೆಸರಾಂತ ತರಬೇತುದಾರ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದಾಗ ಒಂದು ಬೆಳಿಗ್ಗೆ ಈ ಗುಂಪಿನೊಡನೆ ಓಡಲು ಹೊರಟರು. ಸ್ವಲ್ಪ ದೂರದಲ್ಲೇ ಅವರಿಗೆ ಉಸಿರು ಸಾಲದಾಯಿತು. ಎಪ್ಪತ್ತು ದಾಟಿದ ವೃದ್ಧರೊಬ್ಬರು ಅವರ ಜೊತೆಗೇ ಉಳಿದು, ಮಾತಾಡಿಸುತ್ತ ಗುರಿ ಮುಟ್ಟಿಸಿದರಂತೆ. ಬೋವರ್‌ಮನ್ ಊರಿಗೆ ಮರಳಿದ ಮೇಲೆ ನಿಧಾನದ ಓಟವನ್ನು ತಮ್ಮ ದೇಶದ ಸಾಮಾನ್ಯರಿಗೆ ಹೇಳಿಕೊಡಲು ತೊಡಗಿದರು.

ಇಂದಿನ ಅತಿ ವೇಗದ ಓಟಗಾರರೂ ತಮ್ಮ ತರಬೇತಿಯ ಬಹುಪಾಲನ್ನು ಆರಾಮವಾಗಿಯೇ ಓಡುತ್ತಾರೆ. ಕೀನ್ಯಾದ ಎಲಿಯುಡ್ ಕಿಪ್ಚೋಗೆ 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದರು, ಅಂದರೆ ಕಿಲೋಮೀಟರಿಗೆ ಸುಮಾರು 2 ನಿಮಿಷ 52 ಸೆಕೆಂಡ್. ಅವರ ಆರಾಮದ ದಿನಗಳ ಗತಿ ಕಿಲೋಮೀಟರಿಗೆ ಅದಕ್ಕಿಂತ ಒಂದು ನಿಮಿಷಕ್ಕೂ ಹೆಚ್ಚು ನಿಧಾನ. ಅಂಥವರೇ ತಮ್ಮ ವೇಗವನ್ನು ಅಷ್ಟೊಂದು ಇಳಿಸುವಾಗ ನಾವು ದಿನವೂ ಹಲ್ಲು ಕಚ್ಚಿಕೊಂಡು ಓಡಬೇಕೇಕೆ?

ನಡುನಡುವೆ ನಡೆದರೆ ಅದು ಓಟವೆನಿಸಿಕೊಳ್ಳುತ್ತದೆಯೇ?

ಖಂಡಿತ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ್ದ ಅಮೆರಿಕದ ಜೆಫ್ ಗ್ಯಾಲೊವೆ ಮುಂದೆ ಕಲಿಸಿದ್ದೆಲ್ಲ ಇದನ್ನೇ: ಸ್ವಲ್ಪ ಓಡಿ, ಸ್ವಲ್ಪ ನಡೆಯಿರಿ, ಮತ್ತೆ ಓಡಿ. ಸುಸ್ತಾಗಿ ಬೀಳುವ ಮುಂಚೆಯೇ ನಡೆಯಬೇಕು ಎಂಬುದು ಇದರ ಜೀವಾಳ. ಸುಸ್ತಾದ ಮೇಲೆ ನಡೆದರೆ ಸೋತಂತೆ ಅನಿಸುತ್ತದೆ, ಮೊದಲೇ ಲೆಕ್ಕ ಹಾಕಿಕೊಂಡು ನಡೆದರೆ ಹಾಗನಿಸುವುದಿಲ್ಲ.

ಹೊಸಬರಿಗೆ ನಾನು ಹೇಳುವ ಲೆಕ್ಕ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಎರಡು ವಾರದ ನಂತರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಮೆಟ್ಟಿಲೇರುತ್ತ ಹೋದರೆ ಬಹಳ ಜನ ಎರಡು ಮೂರು ತಿಂಗಳಲ್ಲಿ ಅರ್ಧ ಗಂಟೆ ನಿಲ್ಲದೆ ಓಡುತ್ತಾರೆ. ಒಂದು ಮೆಟ್ಟಿಲಲ್ಲಿ ಮೂರು ವಾರ ಕಳೆದರೂ ಯಾವ ನಷ್ಟವೂ ಇಲ್ಲ.

ಮೊದಲ ಹತ್ತು ನಿಮಿಷ ನರಕ. ನನ್ನಲ್ಲೇ ಏನಾದರೂ ದೋಷವಿದೆಯೇ?

ಇಲ್ಲ. ನಿಂತಿದ್ದ ದೇಹ ಓಡತೊಡಗಿದಾಗ ಆಮ್ಲಜನಕದ ಬೇಡಿಕೆ ಒಮ್ಮೆಲೇ ಏರುತ್ತದೆ, ಪೂರೈಕೆ ಹಾಗೆ ಒಮ್ಮೆಲೇ ಏರುವುದಿಲ್ಲ. ಎರಡೂ ಸರಿದೂಗಲು ಎರಡು ಮೂರು ನಿಮಿಷ ಬೇಕು. ಸ್ನಾಯುಗಳು ಬೆಚ್ಚಗಾಗಿ ಕೀಲುಗಳು ಸಡಿಲವಾಗಲು ಇನ್ನೂ ಸ್ವಲ್ಪ ಹೊತ್ತು. ಹನ್ನೊಂದು ವರ್ಷ ಓಡಿದ ಮೇಲೂ ನನ್ನ ಮೊದಲ ಎರಡು ಕಿಲೋಮೀಟರ್ ಹಳೆಯ ಕದ ತೆರೆದ ಹಾಗೆ ಕಿರುಗುಡುತ್ತವೆ. ಐದು ನಿಮಿಷ ನಡೆದು ಆಮೇಲೆ ಓಡಿ. ಮೊದಲ ಹತ್ತು ನಿಮಿಷದ ಅನುಭವ ನೋಡಿ ಆ ದಿನದ ಓಟ ಹೇಗಿರುತ್ತದೆಂದು ತೀರ್ಮಾನಿಸಬೇಡಿ. ನನ್ನ ಅತ್ಯುತ್ತಮ ಓಟಗಳಲ್ಲಿ ಕೆಲವು ಅತಿ ಕೆಟ್ಟದಾಗಿ ಶುರುವಾದವು.

ಎದೆನೋವು, ತಲೆಸುತ್ತು, ಎದೆಬಡಿತ ತಪ್ಪಿದಂಥ ಅನುಭವ ಮಾತ್ರ ಬೇರೆ ವಿಷಯ. ಅವು ಕಂಡರೆ ಓಟ ನಿಲ್ಲಿಸಿ ತಡಮಾಡದೆ ವೈದ್ಯರನ್ನು ನೋಡಿ. ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಶುರು ಮಾಡುವ ಮುಂಚೆಯೇ ಕೇಳಿಕೊಳ್ಳಬೇಕು.

ಓಟಗಾರರು ಹೇಳುವ ಆ ಆನಂದ ನಿಜವೇ?

ನಿಜ. ಅದರ ಹೆಸರಿನಲ್ಲೇ ನಮ್ಮ ಪದವಿದೆ. 1992ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ರಾಫೆಲ್ ಮೆಕೂಲಮ್ ಅವರ ತಂಡ ಮಿದುಳಿನಲ್ಲಿ ತಾನಾಗಿ ತಯಾರಾಗುವ ಒಂದು ರಾಸಾಯನಿಕವನ್ನು ಗುರುತಿಸಿತು. ಅದಕ್ಕೆ ಸಂಸ್ಕೃತದ "ಆನಂದ" ಪದವನ್ನು ತೆಗೆದುಕೊಂಡು "ಆನಂದಮೈಡ್" ಎಂದು ಹೆಸರಿಟ್ಟರು. ಓಟದ ಸುಖಕ್ಕೆ ಎಂಡಾರ್ಫಿನ್ ಎಂಬ, ದೇಹವೇ ತಯಾರಿಸುವ ನೋವುನಿವಾರಕ ರಾಸಾಯನಿಕ ಕಾರಣ ಎಂದು ಬಹುಕಾಲ ಹೇಳುತ್ತಿದ್ದರು. ಆದರೆ ರಕ್ತದಲ್ಲಿ ಹೆಚ್ಚಿದ ಎಂಡಾರ್ಫಿನ್ ಮಿದುಳಿನೊಳಕ್ಕೆ ಸುಲಭವಾಗಿ ದಾಟಲಾರದು, ಆನಂದಮೈಡ್ ದಾಟಬಲ್ಲದು. ಸುಮಾರು ಮುಕ್ಕಾಲು ಗಂಟೆ ಓಡಿದವರ ರಕ್ತದಲ್ಲಿ ಅದರ ಮಟ್ಟ ಏರಿರುವುದನ್ನು ಸಂಶೋಧಕರು ಕಂಡಿದ್ದಾರೆ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಓಟಗಾರರನ್ನು ಬೇರೆ ಬೇರೆ ಶ್ರಮದ ಮಟ್ಟದಲ್ಲಿ ಪರೀಕ್ಷಿಸಿದರು. ನಡಿಗೆಯಲ್ಲಿ ಈ ರಾಸಾಯನಿಕ ಗಣನೀಯವಾಗಿ ಏರಲಿಲ್ಲ, ತೀರಾ ಬಿರುಸಿನ ಓಟದಲ್ಲೂ ಏರಲಿಲ್ಲ, ಏರಿದ್ದು ಮಧ್ಯಮ ಶ್ರಮದಲ್ಲಿ. ಶಾಲೆಯ ಮೈದಾನದಲ್ಲಿ ನನಗೆ ಆ ಸುಖ ಏಕೆ ಸಿಗಲಿಲ್ಲ ಎಂಬುದು ಇದನ್ನು ಓದಿದ ದಿನ ಅರ್ಥವಾಯಿತು.

ಆದರೂ ಅದನ್ನೇ ಕಾಯುತ್ತ ಓಡಬೇಡಿ. ಅದು ದಿನವೂ ಬರುವುದಿಲ್ಲ, ಬಂದಾಗಲೂ ಸದ್ದಿಲ್ಲದೆ ಬರುತ್ತದೆ. ನನಗೆ ಮೊದಲ ಸಲ ಬಂದದ್ದು ಒಂದು ಮಂಜಿನ ಬೆಳಿಗ್ಗೆ, ಒಂಬತ್ತನೆಯ ಕಿಲೋಮೀಟರಿನ ಆಸುಪಾಸಿನಲ್ಲಿ. ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಶೂಗಳ ಕೆಳಗೆ ಒದ್ದೆ ಮಣ್ಣು ಸರಕ್ ಸರಕ್ ಎನ್ನುತ್ತಿತ್ತು. ಮೂರು ಹೆಜ್ಜೆಗೆ ಉಸಿರು ಒಳಕ್ಕೆ, ಮೂರು ಹೆಜ್ಜೆಗೆ ಹೊರಕ್ಕೆ. ಹುಬ್ಬಿನ ಕೂದಲಲ್ಲಿ ಮಂಜು ಹನಿಗಟ್ಟಿ ಒಂದೊಂದಾಗಿ ಕೆನ್ನೆಗೆ ಇಳಿಯುತ್ತಿತ್ತು. ಬಹಳ ಹೊತ್ತಿನಿಂದ ನಾನು ಏನನ್ನೂ ಯೋಚಿಸಿರಲಿಲ್ಲ ಎಂಬುದು ಆಗ ಗಮನಕ್ಕೆ ಬಂತು. ಕಾಲುಗಳು ತಮ್ಮ ಪಾಡಿಗೆ ತಾವು ಹೋಗುತ್ತಿದ್ದವು. ಮನೆಯ ತಿರುವು ಬಂದಾಗ ಬೇಕೆಂದೇ ತಿರುಗದೆ ಮುಂದಕ್ಕೆ ಹೋದೆ.

ಓಡುತ್ತ ಬೇಸರವಾಗುತ್ತದೆ. ಏನು ಮಾಡಲಿ?

ಬೇಸರವಾಗುತ್ತದೆ ಎನ್ನುವವರಲ್ಲಿ ಅರ್ಧದಷ್ಟು ಜನರಿಗೆ ನಿಜವಾಗಿ ಆಗುತ್ತಿರುವುದು ಆಯಾಸ. ಇನ್ನೆಷ್ಟು ದೂರ, ಇನ್ನೆಷ್ಟು ಹೊತ್ತು ಎಂದು ಎಣಿಸುವ ಮನಸ್ಸು ವೇಗ ಇಳಿಸಿದ ಕೂಡಲೇ ಅರ್ಧ ಸುಮ್ಮನಾಗುತ್ತದೆ. ಮೊದಲು ಅದನ್ನು ಮಾಡಿ ನೋಡಿ.

ಆಮೇಲೂ ಬೇಸರ ಉಳಿದರೆ ದಾರಿ ಬದಲಿಸಿ. ಒಂದೇ ಮೈದಾನವನ್ನು ಹದಿನೈದು ಸಲ ಸುತ್ತುವುದು ನನಗೂ ಕಷ್ಟ. ಹೋಗಿ ಬರುವ ದಾರಿಯಾದರೆ ಒಳ್ಳೆಯದು, ಅರ್ಧ ದೂರ ಹೋದವರು ಮನೆ ಸೇರಲು ಮರಳಲೇಬೇಕು. ಡಾಂಬರು ಬಿಟ್ಟು ಮಣ್ಣಿನ ಹಾದಿ ಹಿಡಿದರೆ ಕಣ್ಣು ಮತ್ತು ಪಾದಗಳಿಗೆ ಹೆಜ್ಜೆಹೆಜ್ಜೆಗೂ ಕೆಲಸವಿರುತ್ತದೆ. ವಾರಕ್ಕೊಮ್ಮೆ ಜೊತೆಗಾರರೊಂದಿಗೆ ಓಡಿ. ಎದುರುಬದುರು ಕೂತಾಗ ಬಾರದ ಮಾತುಗಳು ಅಕ್ಕಪಕ್ಕದಲ್ಲಿ ಓಡುವಾಗ ಬರುತ್ತವೆ. ನನ್ನ ತಮ್ಮನೊಂದಿಗೆ ಆರು ವರ್ಷ ಆಡದೆ ಉಳಿದಿದ್ದ ಮಾತನ್ನು ಹೀಗೊಂದು ಓಟದ ಎಂಟನೆಯ ಕಿಲೋಮೀಟರಿನಲ್ಲಿ ಆಡಿದೆ. ಅವನು ಒಂದಷ್ಟು ದೂರ ಸುಮ್ಮನೆ ಓಡಿ, ಆಮೇಲೆ "ಗೊತ್ತಿತ್ತು, ಅಣ್ಣ" ಎಂದ.

ಇನ್ನುಳಿದ ಬೇಸರವನ್ನು ಉಳಿಯಲು ಬಿಡಿ. ದಿನವಿಡೀ ಮೊಬೈಲ್ ತುಂಬಿಡುವ ತಲೆಗೆ ನಲವತ್ತು ನಿಮಿಷ ಏನೂ ಸುರಿಯದಿದ್ದರೆ ಮೊದಲು ಚಡಪಡಿಸುತ್ತದೆ, ಆಮೇಲೆ ತನ್ನದೇ ಕೆಲಸ ಹುಡುಕಿಕೊಳ್ಳುತ್ತದೆ.

ಹಾಡು ಕೇಳುತ್ತ ಓಡಬಹುದೇ?

ಕೇಳಬಹುದು. ವಾಹನ ಓಡಾಡುವ ದಾರಿಯಲ್ಲಿ ಮಾತ್ರ ಬೇಡ. ನನ್ನ ಸಲಹೆ ಕೇಳಿದರೆ ಮೊದಲ ಕೆಲವು ತಿಂಗಳು ಹಾಡಿಲ್ಲದೆ ಓಡಿ. ನಿಮ್ಮ ಉಸಿರಿನ ಸದ್ದು ನಿಮಗೆ ಕೇಳಬೇಕು, ಗತಿ ಹೆಚ್ಚಿತೆಂದು ಮೊದಲು ಹೇಳುವುದು ಅದೇ.

ಓಟದ ಗಡಿಯಾರ ಬೇಕೇ?

ಬೇಡ ಎಂದೇ ಹೇಳುತ್ತೇನೆ. ಎಷ್ಟು ಹೊತ್ತು ಎಂದು ತಿಳಿಯಲು ಸಾಮಾನ್ಯ ಕೈಗಡಿಯಾರ ಸಾಕು. ವೇಗ ತೋರಿಸುವ ಗಡಿಯಾರ ಕಟ್ಟಿದ ಮೊದಲ ವರ್ಷ ನಾನು ಪ್ರತಿ ಓಟವನ್ನೂ ನಿನ್ನೆಯ ಓಟದ ಜೊತೆ ಜಗಳಕ್ಕೆ ಹಚ್ಚಿದೆ. ಆರಾಮದ ದಿನಗಳೇ ಇಲ್ಲವಾದವು, ಓಟ ಮತ್ತೆ ಶಾಲೆಯ ಮೈದಾನವಾಯಿತು. ಕೊನೆಗೆ ಅದನ್ನು ಬೀರುವಿನಲ್ಲಿಟ್ಟು ನಾಲ್ಕು ತಿಂಗಳು ಖಾಲಿ ಮಣಿಕಟ್ಟಿನಲ್ಲಿ ಓಡಿದೆ. ದೂರದ ಬದಲು ಹೊತ್ತನ್ನು ಲೆಕ್ಕ ಹಿಡಿಯಿರಿ. "ಇವತ್ತು ಐದು ಕಿಲೋಮೀಟರ್" ಎಂದುಕೊಂಡರೆ ಬೇಗ ಮುಗಿಸುವ ಆಸೆ ಹುಟ್ಟುತ್ತದೆ. "ಇವತ್ತು ನಲವತ್ತು ನಿಮಿಷ" ಎಂದುಕೊಂಡರೆ ಅವಸರಪಟ್ಟು ಗಳಿಸುವುದೇನೂ ಇಲ್ಲ.

ಓಡಿದರೆ ಮೊಣಕಾಲು ಸವೆದುಹೋಗುವುದಿಲ್ಲವೇ?

ಎಲ್ಲರೂ ಹೇಳುವ ಮಾತು ಇದು. ನೋಡಿದರೆ ಲೆಕ್ಕ ಹಾಗಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಒಂದು ವಿಶ್ಲೇಷಣೆಯಲ್ಲಿ, ಹವ್ಯಾಸಕ್ಕಾಗಿ ಓಡುವವರಲ್ಲಿ ಸೊಂಟ ಮತ್ತು ಮೊಣಕಾಲಿನ ಸಂಧಿವಾತ ಶೇ 3.5ರಷ್ಟು ಜನರಲ್ಲಿ ಕಂಡರೆ, ಓಡದೆ ಕೂತಿರುವವರಲ್ಲಿ ಶೇ 10ರಷ್ಟು ಜನರಲ್ಲಿ ಕಂಡಿತು. ಉನ್ನತ ಮಟ್ಟದ ಸ್ಪರ್ಧಿಗಳಲ್ಲಿ ಪ್ರಮಾಣ ಹೆಚ್ಚಿತ್ತು, ಶೇ 13. ಕೀಲಿನ ಮೃದ್ವಸ್ಥಿ ಯಂತ್ರದ ಭಾಗದಂತೆ ಬರೀ ಸವೆಯುವ ವಸ್ತುವಲ್ಲ, ಮಿತವಾದ ಭಾರ ಬಿದ್ದು ಎದ್ದಾಗ ಅದಕ್ಕೆ ಪೋಷಣೆ ಸಿಗುತ್ತದೆ.

ನೋವು ಬರುವುದೇ ಇಲ್ಲವೆಂದು ಇದರ ಅರ್ಥವಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಒಂದು ಗಂಟೆಗೆ ಸುಮಾರು ಹತ್ತು ಸಾವಿರ ಹೆಜ್ಜೆ. ಹೃದಯ ಮತ್ತು ಶ್ವಾಸ ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗಿಕೊಳ್ಳುತ್ತವೆ, ಮೂಳೆಗಳಿಗೂ ಸ್ನಾಯುರಜ್ಜುಗಳಿಗೂ ತಿಂಗಳುಗಳು ಬೇಕು. ಅಪಾಯ ಇರುವುದು ಈ ಅಂತರದಲ್ಲಿ. ಉಸಿರು "ಇನ್ನೂ ಹೋಗೋಣ" ಎನ್ನುತ್ತದೆ, ಮೂಳೆ ಇನ್ನೂ ತಯಾರಾಗಿರುವುದಿಲ್ಲ.

ನಾನು ಬಿದ್ದದ್ದೂ ಅದೇ ಗುಂಡಿಗೆ. ಐದನೆಯ ತಿಂಗಳಲ್ಲಿ, ಹುಮ್ಮಸ್ಸಿನಲ್ಲಿ, ಎರಡೇ ವಾರಕ್ಕೆ ವಾರದ ದೂರವನ್ನು ದುಪ್ಪಟ್ಟು ಮಾಡಿದೆ. ಮೊಣಕಾಲ ಕೆಳಗೆ, ಮುಂಗಾಲಿನ ಮೂಳೆಯ ಒಳಬದಿಯಲ್ಲಿ ಸಣ್ಣ ನೋವು ಶುರುವಾಯಿತು. ಓಡುತ್ತ ಹೋದಂತೆ ಮರೆಯಾಗುತ್ತಿತ್ತು, ಆದ್ದರಿಂದ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೂರನೆಯ ವಾರದಲ್ಲಿ ಬೆರಳಿಟ್ಟು ಒತ್ತಿದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕಣ್ಣಲ್ಲಿ ನೀರು ತರಿಸಿತು. ಆಮೇಲೆ ಒಂಬತ್ತು ವಾರ ಓಟವಿಲ್ಲ. ಇಡೀ ಕಾಲಿನಲ್ಲಿ ಹರಡಿದ ಬಳಲಿಕೆಯ ನೋವು ಎರಡು ದಿನಕ್ಕೆ ಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಒಂದೇ ಜಾಗದಲ್ಲಿ ನಿಂತ ನೋವು, ನಡಿಗೆಯನ್ನು ಕುಂಟಿಸುವ ನೋವು, ರಾತ್ರಿ ಮಲಗಿದಾಗಲೂ ಇರುವ ನೋವು ಕಂಡರೆ ಓಟ ನಿಲ್ಲಿಸಿ ತಜ್ಞರಿಗೆ ತೋರಿಸಿ.

ಯಾವ ಶೂ ಕೊಳ್ಳಲಿ?

ಹಾಕಿಕೊಂಡ ಕೂಡಲೇ ಹಿತವೆನಿಸುವ ಶೂ. ಸಂಜೆಯ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಹೆಬ್ಬೆರಳ ಮುಂದೆ ಅರ್ಧ ಬೆರಳಿನಷ್ಟು ಜಾಗವಿರಲಿ, ಇಲ್ಲದಿದ್ದರೆ ದೂರದ ಓಟದಲ್ಲಿ ಉಗುರು ಕಪ್ಪಾಗುತ್ತದೆ. 500ರಿಂದ 800 ಕಿಲೋಮೀಟರಿಗೆ ಸಾಮಾನ್ಯವಾಗಿ ಮೆತ್ತೆ ಸತ್ತುಹೋಗುತ್ತದೆ. ಇಥಿಯೋಪಿಯಾದ ಅಬೆಬೆ ಬಿಕಿಲ 1960ರಲ್ಲಿ ರೋಮ್ ಒಲಿಂಪಿಕ್ ಮ್ಯಾರಥಾನನ್ನು ಬರಿಗಾಲಲ್ಲಿ ಓಡಿ ಗೆದ್ದದ್ದು ನಿಜ. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಶೂ ತೊಟ್ಟು ಮತ್ತೆ ಗೆದ್ದದ್ದೂ ನಿಜ.

ಪಕ್ಕೆಯಲ್ಲಿ ಚುಚ್ಚುತ್ತದೆ. ಉಸಿರಾಟ ಹೇಗಿರಬೇಕು?

ಮೂಗಿನಿಂದ, ಬಾಯಿಂದ, ಎರಡರಿಂದಲೂ ಉಸಿರಾಡಿ. ಹೊಟ್ಟೆ ಉಬ್ಬುವಂತೆ ಆಳವಾಗಿ ಎಳೆದುಕೊಳ್ಳಿ. ಪಕ್ಕೆ ಹಿಡಿದಾಗ ವೇಗ ಇಳಿಸಿ, ನೋವಿನ ಜಾಗವನ್ನು ಕೈಯಿಂದ ಒತ್ತಿಹಿಡಿದು, ಉಸಿರನ್ನು ನಿಧಾನವಾಗಿ ಪೂರ್ತಿ ಹೊರಗೆ ಬಿಡಿ. ಊಟವಾಗಿ ಎರಡು ಗಂಟೆಯೊಳಗೆ ಓಡದಿದ್ದರೆ ಈ ತೊಂದರೆ ಬಹಳ ಕಡಿಮೆ.

ನೀರು, ಆಹಾರ?

ಒಂದು ಗಂಟೆಯೊಳಗಿನ ಓಟಕ್ಕೆ ವಿಶೇಷವೇನೂ ಬೇಡ. ಬಾಯಾರಿದಾಗ ನೀರು ಕುಡಿಯಿರಿ. ಬಾಯಾರದೆಯೂ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಮಟ್ಟ ಕುಸಿದು ಜೀವಕ್ಕೇ ಅಪಾಯವಾಗಬಹುದು.

ಮೂವತ್ತು ಕಿಲೋಮೀಟರಿನ ಹತ್ತಿರ ಮ್ಯಾರಥಾನ್ ಓಟಗಾರರು ಗೋಡೆಗೆ ಡಿಕ್ಕಿ ಹೊಡೆದಂತೆ ನಿಲ್ಲುವುದನ್ನು ಕೇಳಿರುತ್ತೀರಿ. ಅದರ ಲೆಕ್ಕ ಸರಳ. ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಶಕ್ತಿ ಸುಮಾರು 2,000 ಕಿಲೋ ಕ್ಯಾಲರಿ. ಒಂದು ಕಿಲೋಮೀಟರ್ ಓಡಲು ಮೈತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕಿಲೋ ಕ್ಯಾಲರಿ ಖರ್ಚು. 60 ಕಿಲೋ ತೂಕದವರು 30 ಕಿಲೋಮೀಟರ್ ಓಡಿದರೆ 1,800. ಉಗ್ರಾಣ ಬರಿದಾಗುವುದು ಆ ಹೊತ್ತಿಗೇ. ಕೊಬ್ಬಿನ ಉಗ್ರಾಣವಾದರೋ ತೆಳ್ಳಗಿನವರಲ್ಲೂ ಅದರ ಹತ್ತಾರು ಪಟ್ಟು ದೊಡ್ಡದು. ಬಿರುಸಾಗಿ ಓಡುವಾಗ ದೇಹ ಗ್ಲೈಕೋಜೆನನ್ನು ಹೆಚ್ಚು ಸುಡುತ್ತದೆ, ನಿಧಾನವಾಗಿ ಓಡುವಾಗ ಕೊಬ್ಬಿನ ಪಾಲು ಹೆಚ್ಚು. ಒಂದೂವರೆ ಗಂಟೆ ಮೀರಿದ ಓಟಗಳಲ್ಲಿ ಸುಲಭವಾಗಿ ಜೀರ್ಣವಾಗುವ ಸಿಹಿ ಪದಾರ್ಥ ಏನಾದರೂ ಜೊತೆಗಿರಲಿ.

ನನಗೆ ಐವತ್ತೈದು ವರ್ಷ. ತಡವಾಯಿತೇ?

ಪಂಜಾಬಿನಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ್ದ ಫೌಜಾ ಸಿಂಗ್ ಮ್ಯಾರಥಾನ್ ಓಡತೊಡಗಿದ್ದು ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ. 2011ರಲ್ಲಿ ಟೊರೊಂಟೊ ಮ್ಯಾರಥಾನ್ ಮುಗಿಸಿದಾಗ ಪಾಸ್‌ಪೋರ್ಟ್ ಪ್ರಕಾರ ಅವರ ವಯಸ್ಸು ನೂರು. ಎಲ್ಲರೂ ಫೌಜಾ ಸಿಂಗ್ ಆಗಬೇಕಿಲ್ಲ. ವಯಸ್ಸಾದಂತೆ ವೇಗ ಬೇಗ ಇಳಿಯುತ್ತದೆ, ತಾಳಿಕೆ ನಿಧಾನವಾಗಿ ಇಳಿಯುತ್ತದೆ. ತಡವಾಗಿ ಬಂದವರಿಗೆ ದೂರದ ಓಟ ಒಲಿಯುವುದು ಅದಕ್ಕೇ. ಚೇತರಿಕೆಗೆ ಒಂದು ದಿನ ಹೆಚ್ಚು ಕೊಡಿ, ವಾರಕ್ಕೆರಡು ಸಲ ಕಾಲಿನ ಬಲ ಹೆಚ್ಚಿಸುವ ವ್ಯಾಯಾಮ ಮಾಡಿ.

ಹೆಂಗಸರಿಗೆ ಇಷ್ಟು ದೂರ ಓಡುವುದು ಒಳ್ಳೆಯದೇ ಎಂದು ಅಮ್ಮ ಕೇಳುತ್ತಾರೆ. ಏನು ಹೇಳಲಿ?

ಈ ಅನುಮಾನವನ್ನು ಜಗತ್ತು ಬಹಳ ಕಾಲ ಸಾಕಿತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು 800 ಮೀಟರ್ ಓಡಿದರು. ಅವರು ಬಳಲಿ ಬಿದ್ದರೆಂಬ ಉತ್ಪ್ರೇಕ್ಷೆಯ ವರದಿಗಳು ಬಂದವು, ಆ ಸ್ಪರ್ಧೆಯನ್ನು 1960ರವರೆಗೆ ಕೈಬಿಟ್ಟರು. 1967ರಲ್ಲಿ ಕ್ಯಾಥರೀನ್ ಸ್ವಿಟ್ಜರ್ ಬಾಸ್ಟನ್ ಮ್ಯಾರಥಾನಿನಲ್ಲಿ ಸಂಖ್ಯೆ ಧರಿಸಿ ಓಡುತ್ತಿದ್ದಾಗ ಸಂಘಟಕರೊಬ್ಬರು ಹಿಂದಿನಿಂದ ಓಡಿಬಂದು ಆ ಸಂಖ್ಯೆಯನ್ನು ಕಿತ್ತುಕೊಳ್ಳಲು ನೋಡಿದರು. ಆದರೂ ಸ್ವಿಟ್ಜರ್ ಓಟ ಮುಗಿಸಿದರು. ಒಲಿಂಪಿಕ್ಸ್‌ಗೆ ಮಹಿಳಾ ಮ್ಯಾರಥಾನ್ ಬಂದದ್ದು 1984ರಲ್ಲಿ. ಜೋನ್ ಬೆನೊಯಿಟ್ ಅದನ್ನು 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದರು. ಇಷ್ಟನ್ನೂ ಅಮ್ಮನಿಗೆ ಹೇಳಿ. ಆಮೇಲೆ ಅವರನ್ನೂ ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ, ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆಯ ಲೆಕ್ಕದಲ್ಲಿ.

ಮ್ಯಾರಥಾನ್ ಓಡದಿದ್ದರೆ ಓಟಗಾರ ಎನ್ನಿಸಿಕೊಳ್ಳುವುದಿಲ್ಲವೇ?

42.195 ಕಿಲೋಮೀಟರಿನಲ್ಲಿ ಪವಿತ್ರವಾದದ್ದೇನೂ ಇಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯ ಮುಂದೆ ಶುರುವಾಗಿ ಕ್ರೀಡಾಂಗಣದ ರಾಜಪೀಠದ ಎದುರು ಮುಗಿಯುವಂತೆ ದಾರಿ ಅಳೆದಾಗ ಬಂದ ದೂರವದು. 1921ರಲ್ಲಿ ಅದನ್ನೇ ಕಾಯಂ ಮಾಡಿದರು. ವಾರಕ್ಕೆ ಮೂರು ದಿನ ಐದೈದು ಕಿಲೋಮೀಟರ್ ಪ್ರೀತಿಯಿಂದ ಓಡುವವರು ನನ್ನ ಕಣ್ಣಿಗೆ ಪೂರ್ತಿ ಓಟಗಾರರು. ಮ್ಯಾರಥಾನ್ ಆಸೆ ಹುಟ್ಟಿದರೆ ಒಂದು ವರ್ಷ ನಿಯಮಿತವಾಗಿ ಓಡಿದ ಮೇಲೆ ಯೋಚಿಸಿ. ಗುರಿ ಮುಟ್ಟಿದ ಮರುವಾರವೇ ಓಟ ಬಿಟ್ಟವರನ್ನು ಬಹಳ ನೋಡಿದ್ದೇನೆ. ಅವರು ಪ್ರೀತಿಸಿದ್ದು ಪದಕವನ್ನು.

ಎರಡು ತಿಂಗಳು ಬಿಟ್ಟುಹೋಯಿತು. ಮತ್ತೆ ಹೇಗೆ ಶುರು ಮಾಡಲಿ?

ಬಿಟ್ಟಾಗ ಇದ್ದ ಜಾಗದಿಂದ ಶುರು ಮಾಡಬೇಡಿ. ಅರ್ಧ ಹೊತ್ತು, ನಡುನಡುವೆ ನಡಿಗೆ, ಎರಡು ವಾರ. ಮುಂಗಾಲಿನ ನೋವು ವಾಸಿಯಾಗಿ ಒಂಬತ್ತು ವಾರದ ನಂತರ ನಾನು ಹೊರಟ ದಿನ ಆ ಹಿರಿಯರೂ ಜೊತೆಗಿದ್ದರು. ಎಷ್ಟು ದೂರ ಎಂದು ಕೇಳಿದೆ. "ಆ ಮರದವರೆಗೆ ಓಡೋಣ, ಅಲ್ಲಿಂದ ಮುಂದಿನ ಮರದವರೆಗೆ ನಡೆಯೋಣ" ಎಂದರು. ಮರದಿಂದ ಮರಕ್ಕೆ ಹೀಗೆ ಇಪ್ಪತ್ತು ನಿಮಿಷ ಕಳೆಯಿತು. ಇನ್ನೂ ಶಕ್ತಿಯಿದೆ, ಇನ್ನೊಂದು ಸುತ್ತು ಬರೋಣ ಎಂದೆ. ಅವರು ಆಗಲೇ ಬಗ್ಗಿ ಲೇಸ್ ಸಡಿಲಿಸುತ್ತಿದ್ದರು. "ಆ ಸುತ್ತನ್ನು ನಾಡಿದ್ದಿಗೆ ಇಟ್ಟುಕೊಳ್ಳಿ" ಎಂದರು.